ನೌಬಾದಿನಲ್ಲಿ ಫೈನಲ್

ಆಟ ರಾತ್ರಿ ಹನ್ನೆರಡೂವರೆಗೆ.
ಬೀದರಿನ ಬಾರುಗಳು ಹನ್ನೊಂದೂವರೆಗೇ
ಶಟರು ಅರ್ಧ ಇಳಿಸಿ ಮಂಡಿಯೂರುತ್ತವೆ.
ಇಷ್ಟು ಲೆಕ್ಕ ನಾನು ಮೊದಲೇ ಹಾಕಬೇಕಿತ್ತು,
ಇಪ್ಪತ್ತೆರಡು ವರ್ಷ ಸೀಟಿ ಊದಿದವಳು.

ಆದರೂ ಲಿಡಿಯಾಳ ಸ್ಕೂಟಿಯ ಹಿಂದೆ ಕೂತು
ಒಂದು ವಾರ ಊರು ಸುತ್ತಿದೆ,
ಮಗಳಿಗೆ ಗಂಡು ನೋಡುವವರ ಹಾಗೆ
ಗೋಡೆಯ ಟಿವಿಗಳನ್ನು ಹೊರಗಿನಿಂದಲೇ ಅಳೆಯುತ್ತ:
ಇದು ದೊಡ್ಡದು, ಬಣ್ಣ ಹೋಗಿದೆ.
ಇದು ಚೆಂದ, ಸುತ್ತಲಿನ ಮಂದಿ ಸರಿಯಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಬಾರಿನಲ್ಲಿ
ನಮ್ಮನ್ನು ಕಂಡದ್ದೇ ಮ್ಯಾನೇಜರು ಪರದೆ ಎತ್ತಿ ಹಿಡಿದ:
“ಫ್ಯಾಮಿಲಿ ಸೆಕ್ಷನ್ ಈ ಕಡಿ ಅದರಿ.”
ಒಳಗೆ ಪ್ಲಾಸ್ಟಿಕ್ ಹೂವು, ನಾಲ್ಕು ಕುರ್ಚಿ,
ಟಿವಿ ಇಲ್ಲ.
“ಮರ್ಯಾದಸ್ತರು ಟಿವಿ ನೋಡಲ್ಲೇನ್ರಿ?” ಅಂದಳು ಲಿಡಿಯಾ.
ಅವನು ಎರಡು ಲಿಂಬು ಸೋಡಾ ತಂದಿಟ್ಟ.
ಪರದೆಯಾಚೆ ಯಾರದೋ ವಿಕೆಟ್ಟು ಬಿತ್ತು.
ಬರೀ ಸದ್ದು ಕುಡಿದು ಎದ್ದು ಬಂದೆವು.

ಉದಗೀರ ರಸ್ತೆಯ ಒಂದಕ್ಕೆ ಹೆಸರಿನಲ್ಲೇ ಸ್ಪೋರ್ಟ್ಸ್ ಇತ್ತು.
ಒಳಗೆ ಕ್ಯಾರಂ ಬೋರ್ಡು, ಅದರ ಮೇಲೆ ಉಳ್ಳಾಗಡ್ಡಿ ಚೀಲ.
“ಫುಟ್‌ಬಾಲ್ ಹಚ್ಚಿದ್ರ ಗಿರಾಕಿ ಎದ್ದು ಹೋಗ್ತಾರ್ರಿ ಮೇಡಂ,
ಅಷ್ಟು ಹೊತ್ತು ಓಡಿ ಒಂದು ರನ್ನೂ ಮಾಡಲ್ಲ ಅಂತಾರ.”

ಗ್ಲಾಸು ಒರೆಸುತ್ತಿದ್ದ ಘಾಳೆಪ್ಪ ಮಾತ್ರ
ನನ್ನ ಬಲಗೈಯ ಕಿರುಬೆರಳು ನೋಡಿದ.
ಮುರಿದು, ಹೊರಕ್ಕೆ ಬಾಗಿ, ಹಾಗೇ ಕೂಡಿದ್ದು.
“ಗೋಲಿ ಏನ್ರಿ ನೀವು?”

ತೊಂಬತ್ತೆಂಟನೇ ಇಸವಿ, ರಾಯಚೂರಿನವಳ ಬೂಟು, ಅಂದೆ.
ಮುಂದೆ ಏನೋ ಹೇಳಬೇಕಿತ್ತು, ಗಂಟಲು ಬಿಡಲಿಲ್ಲ.
ಟೀಚರ್ ಅಂತಾರೆ, ಮೇಡಂ, ಅಕ್ಕಾ, ಇತ್ತೀಚೆಗೆ ಅಮ್ಮಾ ಕೂಡ.
ಈ ಹೆಸರು ಯಾವಾಗ ಕಳೆದಿತ್ತೋ ನೆನಪಿಲ್ಲ.

“ನೌಬಾದಿನ ಬರ್ಫ್ ಫ್ಯಾಕ್ಟ್ರಿಗಿ ಹೋಗ್ರಿ,” ಅಂದ ಮೆಲ್ಲಗೆ,
“ಝಹೀರೋದ್ದೀನ್ ಚಾಚಾ. ಚಾದರ ಒಯ್ರಿ.”

ಮೇ ತಿಂಗಳ ಕೊನೆ. ನಡುರಾತ್ರಿಗೂ ಕೆಂಪುಕಲ್ಲು ಆರದ ಊರು.
ಚಾದರ ಹೊದ್ದ ಇಬ್ಬರು ಹೆಂಗಸರನ್ನು ಕಂಡು
ಚೌಬಾರಾದ ಪೊಲೀಸಿನವನು ಸೀಟಿ ಊದಿದ.
ಬರೀ ಗಾಳಿ. ಹೊಟ್ಟೆಯಿಂದ ಊದಬೇಕು, ಅಂದೆ.
ಬಿಟ್ಟುಬಿಟ್ಟ.

ಅಮೋನಿಯದ ವಾಸನೆ, ಒದ್ದೆ ಹೊಟ್ಟು,
ಕಿವಿಗೆ ಮಫ್ಲರು ಸುತ್ತಿದ ಮುದುಕ.
ಕಂಪ್ರೆಸರಿನ ಗದ್ದಲದಲ್ಲಿ ಕಾಮೆಂಟರಿ ಕೇಳುವುದಿಲ್ಲ,
ತುಂಬಿದ ಸ್ಟೇಡಿಯಮ್ಮೇ ಗೋಡೆಯೊಳಗೆ ಇದ್ದಂತೆ.
ಮೀನಿನ ಲಾರಿಯ ಇಬ್ಬರು ಡ್ರೈವರುಗಳು,
ಚಿದ್ರಿಯ ಕುಲ್ಫಿ ಹುಡುಗ, ಮೆಸ್ಸಿನ ಬಿಜು
ಸರಿದು ಜಾಗ ಕೊಟ್ಟರು
ಗೋಣಿ ಹಾಸಿದ ಬರ್ಫಿನ ಲಾದಿಯ ಮೇಲೆ.
ಯಾರೂ ಪರದೆ ಎತ್ತಲಿಲ್ಲ.

ಎಪ್ಪತ್ತನೇ ನಿಮಿಷಕ್ಕೆ ಊರಿನ ಕರೆಂಟು ಹೋಯಿತು.
“ಜನರೇಟರ್ ಅದ, ಬರ್ಫ್ ಕರಗಬಾರದಲ್ಲ,” ಚಾಚಾನ ದನಿ.
ಕತ್ತಲು. ಎಲ್ಲೋ ಹನಿ ತೊಟ್ಟಿಕ್ಕುವುದು.
ಟಿವಿ ಮತ್ತೆ ಬಂದಾಗ ಕೆಂಪಂಗಿಯವರು
ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.
ನಮ್ಮ ಕತ್ತಲಲ್ಲಿ ಗೋಲಾಗಿತ್ತು.

ಮರುಪ್ರಸಾರದಲ್ಲಿ ಎಲ್ಲರೂ ಒದ್ದವನನ್ನು ನೋಡಿದರು.
ನಾನು ಬಿದ್ದವನನ್ನು.
ಅರ್ಧ ಹೆಜ್ಜೆ ಬೇಗ ಎಡಕ್ಕೆ ವಾಲಿದ್ದ.
ಎದ್ದು, ಚಾದರ ಕೆಡವಿ, ತೋರಿಸಿದೆ: ಹಿಂಗಲ್ಲ, ಹಿಂಗ.
ಕುಲ್ಫಿ ಹುಡುಗ ಬರ್ಫಿನ ಗಡ್ಡೆಯೊಂದನ್ನು
ಹೇಳದೆ ಕೇಳದೆ ನನ್ನ ಬಲಕ್ಕೆ ಎಸೆದ.

ಹಿಡಿದೆ.
ಸೊಟ್ಟ ಬೆರಳು ಸೇರಿಸಿ.

ಮೂರು ಗಂಟೆಗೆ ಲಾರಿ ತುಂಬುವಾಗ ಚಾಚಾ ಅಂದ,
ಮಳಿಗಾಲದಾಗ ಫ್ಯಾಕ್ಟ್ರಿ ಬಂದ್,
ಮುಂದಿನ ಸೀಸನ್ನಿಗಿ ಟಿವಿ ಎಲ್ಲಿಡಬೇಕೋ ಏನೋ.
ಸೊಂಟದ ಕೀಲಿಗೊಂಚಲು ಮುಟ್ಟಿಕೊಂಡೆ.
ಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ
ಗಾಳಿ ಹೋದ ಚೆಂಡುಗಳ ಹಿಂದೆ
ಒಂದು ಪ್ಲಗ್ ಪಾಯಿಂಟ್ ಇರಬೇಕು.